ಮುಟ್ಟಾಳೆಯೋ, ಬಟ್ಟೆಯ ಕ್ಯಾಪೋ?

ಕಾಸರಗೋಡಿನ ಅಡಿಕೆ ತೋಟಕ್ಕೆ ಇಳಿಯುವವರಿಗೆ ನಾನು ಹೇಳುವುದು ಮುಟ್ಟಾಳೆಯನ್ನೇ. ಅಡಿಕೆ ಸೋಗೆಯ ಬುಡದ ಅಗಲವಾದ ಹಾಳೆಯನ್ನು ನೀರಿನಲ್ಲಿ ನೆನೆಸಿ, ಮಡಚಿ ಹೊಲಿದ ಟೊಪ್ಪಿ ಅದು. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಸಿಂಪಡಿಸುವಾಗ ಮೇಲಿನಿಂದ ತೊಟ್ಟಿಕ್ಕುವ ನೀಲಿ ಹನಿ ಹಾಳೆಯ ಮೇಲೆ ನಿಲ್ಲದೆ ಜಾರುತ್ತದೆ. ಬಟ್ಟೆಯ ಕ್ಯಾಪ್ ಅದನ್ನು ಹೀರಿಕೊಂಡು ನೆತ್ತಿಗೆ ಅಂಟುತ್ತದೆ. ಸೊಪ್ಪಿನ ಹೊರೆ ಹೊರುವಾಗಲೂ ಹಾಳೆಯದ್ದೇ ಆಸರೆ.

ಕ್ಯಾಪಿನ ಮುಂದಿನ ಅಂಚು ಕಣ್ಣಿಗೆ ಬಿಸಿಲು ಬೀಳದಂತೆ ತಡೆಯುತ್ತದೆ, ಮಡಚಿ ಚೀಲಕ್ಕೂ ಹಾಕಬಹುದು. ಪೇಟೆಗೆ ಬಸ್ಸು ಹತ್ತುವವರಿಗೆ ಅದೇ ಸರಿ. ಒಣಗಿದ ಹಾಳೆಯನ್ನು ಮಡಚಿದರೆ ಸೀಳುತ್ತದೆ.

ಆದರೆ ಹೊಸ ಮುಟ್ಟಾಳೆ ತಲೆಗಿಟ್ಟಾಗ ಬರುವ ಹಾಳೆಯ ವಾಸನೆ, ತೋಟದವನೆಂಬ ಆ ಗತ್ತು, ನನಗೆ ಕ್ಯಾಪಿನಲ್ಲಿ ಸಿಕ್ಕಿಲ್ಲ. ಕೊಳ್ಳುವಾಗ ತಲೆಗಿಟ್ಟೇ ನೋಡಿ. ಹೊಲಿಗೆ ಹಣೆಗೆ ಒತ್ತಬಾರದು.