ನೋವಾ ಹೂತಾ ನೋಡಲು ನಾಲ್ಕು ದಾರಿಗಳಿವೆ, ಆದರೆ ನಾನು ಮತ್ತೆ ಹಣ ಕೊಡುವುದು ಒಂದಕ್ಕೆ ಮಾತ್ರ

ಪೋಲೆಂಡಿನ ಕ್ರಾಕೋವ್ ನಗರದ ಪೂರ್ವ ಭಾಗದಲ್ಲಿರುವ ನೋವಾ ಹೂತಾವನ್ನು, ಅಲ್ಲಿಯೇ ಹುಟ್ಟಿ ಬೆಳೆದ ಮಾರ್ಗದರ್ಶಿಯೊಬ್ಬರ ಜೊತೆ ಏಳೆಂಟು ಜನರ ಸಣ್ಣ ಗುಂಪಿನಲ್ಲಿ ನಡೆದೇ ನೋಡಬೇಕು. ಮೊಬೈಲಿನಲ್ಲಿ ಕೇಳುವ ಧ್ವನಿ ಪ್ರವಾಸ, ಕೊನೆಯಲ್ಲಿ ಇಷ್ಟಬಂದಷ್ಟು ಕೊಡುವ ದೊಡ್ಡ ಗುಂಪಿನ ನಡಿಗೆ, ಹಳೆಯ ಟ್ರಾಬಾಂಟ್ ಕಾರಿನ ಸವಾರಿ, ಈ ಮೂರಕ್ಕೂ ಹಣ ತೆತ್ತ ಮೇಲೆ ಈ ಮಾತು ಹೇಳುತ್ತಿದ್ದೇನೆ. ಕ್ರಾಕೋವ್‌ಗೆ ಹೋಗುವ ನಮ್ಮವರಲ್ಲಿ ಬಹುತೇಕರು ಹಳೆಯ ಪೇಟೆಯನ್ನೂ ಕೋಟೆಯನ್ನೂ ಉಪ್ಪಿನ ಗಣಿಯನ್ನೂ ನೋಡಿ ಹಿಂದಿರುಗುತ್ತಾರೆ. ಅರ್ಧ ದಿನವನ್ನು ಈ ಬಡಾವಣೆಗಳಿಗಾಗಿ ಎತ್ತಿಡುವವರಿಗೆ ಇದು ಉಪಯೋಗಕ್ಕೆ ಬಂದೀತು.

ಉಕ್ಕಿನ ಕಾರ್ಖಾನೆಯೊಂದಕ್ಕಾಗಿ ಹೊಲಗದ್ದೆಗಳ ಮೇಲೆ ಎದ್ದ ಊರು ಇದು. 1949ರ ಜೂನ್‌ನಲ್ಲಿ ಮೊದಲ ವಸತಿ ಕಟ್ಟಡದ ಕೆಲಸ ಶುರುವಾಯಿತು. 1951ರಲ್ಲಿ ಊರನ್ನು ಕ್ರಾಕೋವ್ ನಗರಕ್ಕೆ ಸೇರಿಸಲಾಯಿತು. 1954ರಲ್ಲಿ ಲೆನಿನ್ ಹೆಸರಿನ ಕಾರ್ಖಾನೆಯ ಊದುಕುಲುಮೆ ಹೊತ್ತಿಕೊಂಡಿತು. ನಕ್ಷೆಯ ಮುಖ್ಯ ಶಿಲ್ಪಿ ತದೇವುಷ್ ಪ್ತಾಶಿತ್ಸ್ಕಿ. ಕೇಂದ್ರ ಚೌಕದಿಂದ ಐದು ಅಗಲವಾದ ರಸ್ತೆಗಳು ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಳ್ಳುತ್ತವೆ. ಇಷ್ಟನ್ನು ಯಾವ ಪ್ರವಾಸವಾದರೂ ಹೇಳಿಕೊಡುತ್ತದೆ. ವ್ಯತ್ಯಾಸವಿರುವುದು ಕಟ್ಟಡಗಳ ಒಳಬದಿಗೆ ನಿಮ್ಮನ್ನು ಯಾರು ಕರೆದೊಯ್ಯುತ್ತಾರೆ ಎಂಬುದರಲ್ಲಿ.

ಧ್ವನಿ ಪ್ರವಾಸದಲ್ಲಿ ನನ್ನನ್ನು ಬಹಳವಾಗಿ ಕಾಡಿದ್ದು ವಿಳಾಸ. ನೋವಾ ಹೂತಾದ ಹಳೆಯ ಭಾಗದಲ್ಲಿ ಮನೆಗಳ ವಿಳಾಸದಲ್ಲಿ ಬೀದಿಯ ಹೆಸರೇ ಇರುವುದಿಲ್ಲ. ಬಡಾವಣೆಯ ಹೆಸರು ಮತ್ತು ಕಟ್ಟಡದ ಸಂಖ್ಯೆ, ಇಷ್ಟೇ. ಕೇಂದ್ರ ಚೌಕದ ಸುತ್ತಲಿನ ಬಡಾವಣೆಗಳಿಗಂತೂ ಸೆಂಟ್ರುಮ್ ಎ, ಬಿ, ಸಿ, ಡಿ ಎಂದೇ ಹೆಸರು. ನಾನು ಕೊಂಡಿದ್ದ ಧ್ವನಿ ಪ್ರವಾಸವು ನಾವು ನಿಂತ ಜಾಗವನ್ನು ಫೋನಿನ ಮೂಲಕ ತಾನೇ ಗುರುತಿಸಿ ಕಥೆ ಆರಂಭಿಸುವಂಥದ್ದು. ಅದು ಕಟ್ಟಡವನ್ನು ಸರಿಯಾಗಿಯೇ ಗುರುತಿಸುತ್ತಿತ್ತು. ಆದರೆ ನಾನು ರಸ್ತೆಯ ಬದಿಗಿದ್ದೇನೋ ಅಂಗಳದ ಬದಿಗಿದ್ದೇನೋ ಎಂಬುದು ಅದಕ್ಕೆ ತಿಳಿಯುತ್ತಿರಲಿಲ್ಲ. ಒಳಗಿನ ಅಂಗಳದ ಬಗ್ಗೆ ವಿವರಣೆ ನಡೆಯುತ್ತಿರುವಾಗ ನಾನು ಹೊರಗೆ ಟ್ರಾಮ್ ತಂತಿಯ ಕೆಳಗೆ ನಿಂತು, ಮುಚ್ಚಿದ ಔಷಧದ ಅಂಗಡಿಯೊಂದನ್ನು ನೋಡುತ್ತಿದ್ದೆ. ಕಮಾನು ದಾಟಿ ಒಳಗೆ ಹೋದಾಗ ‘ಈಗ ಎಡಕ್ಕೆ ತಿರುಗಿ’ ಎಂಬ ಸೂಚನೆ ಬಂತು. ಆ ಅಂಗಳಕ್ಕೆ ನಾಲ್ಕು ಕಡೆಯಿಂದಲೂ ಕಮಾನುಗಳಿದ್ದವು, ನಾನು ಯಾವುದರಿಂದ ಬಂದೆನೆಂಬುದರ ಮೇಲೆ ಎಡ ಯಾವುದೆಂಬುದು ನಿಂತಿತ್ತು.

ಇದು ಬರಿಯ ತಾಂತ್ರಿಕ ಕಿರಿಕಿರಿಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಆ ಕಮಾನುಗಳು ಮತ್ತು ಅಂಗಳಗಳೇ ಈ ಊರಿನ ಜೀವಾಳ. ಪ್ರತಿಯೊಂದು ಬಡಾವಣೆಯ ಒಳಗೂ ಶಾಲೆ, ಶಿಶುವಿಹಾರ, ಅಂಗಡಿ, ಹಸಿರು ಜಾಗ ಎಲ್ಲವೂ ನಡೆದು ಹೋಗುವಷ್ಟು ಹತ್ತಿರವಿರಬೇಕು, ಮಗು ದೊಡ್ಡ ರಸ್ತೆ ದಾಟದೆ ಶಾಲೆ ಸೇರಬೇಕು ಎಂಬ ಲೆಕ್ಕಾಚಾರದಲ್ಲಿ ಇವನ್ನು ಕಟ್ಟಲಾಗಿದೆ. ಈ ಆಲೋಚನೆಯನ್ನು 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ನಗರ ಯೋಜಕ ಕ್ಲಾರೆನ್ಸ್ ಪೆರಿ ಸ್ಪಷ್ಟವಾಗಿ ರೂಪಿಸಿದ್ದರು. ಕಮ್ಯುನಿಸ್ಟ್ ಪೋಲೆಂಡಿನ ನಕ್ಷೆಗಾರರು ಅದನ್ನು ತಮ್ಮ ನೆಲದಲ್ಲಿ ಬಳಸಿಕೊಂಡರು. ರಸ್ತೆಗೆ ಕಾಣುವುದು ಎತ್ತರದ, ಗಂಭೀರವಾದ, ಸ್ವಲ್ಪ ಬಿಗುಮಾನದ ಮುಖ. ಕಮಾನು ದಾಟಿದರೆ ಬಟ್ಟೆ ಒಣಗುವ ಬಾಲ್ಕನಿ, ದೊಡ್ಡ ಮರಗಳ ನೆರಳು, ಬೆಂಚಿನ ಮೇಲೆ ಕೂತ ಹಿರಿಯರು. ಒಳಗೆ ಹೋಗಲು ಧೈರ್ಯ ಹೇಳಿ ದಾರಿ ತೋರಿಸುವವರಿಲ್ಲದಿದ್ದರೆ ಪ್ರವಾಸಿಯ ಪಾಲಿಗೆ ಬರಿಯ ಗೋಡೆಗಳಷ್ಟೇ ಉಳಿಯುತ್ತವೆ. ಧ್ವನಿ ಪ್ರವಾಸಕ್ಕೆ ಕೊಟ್ಟ ಹಣ ಕಡಿಮೆಯೇ, ಆದರೂ ಅದು ದಂಡವಾಯಿತು.

ದೊಡ್ಡ ಗುಂಪಿನ ನಡಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾರ್ಗದರ್ಶಿಗೆ ವಿಷಯ ಚೆನ್ನಾಗಿ ಗೊತ್ತಿತ್ತು. 1973ರಲ್ಲಿ ಗುಲಾಬಿ ಮಾರ್ಗದಲ್ಲಿ ನಿಲ್ಲಿಸಿದ ಲೆನಿನ್ ಪ್ರತಿಮೆ, 1979ರಲ್ಲಿ ಅದರ ಬುಡದಲ್ಲಿ ಸಿಡಿದ ಬಾಂಬು, 1989ರ ಡಿಸೆಂಬರಿನಲ್ಲಿ ಅದನ್ನು ಕೆಳಗಿಳಿಸಿದ್ದು, ಕೊನೆಗೆ ಅದು ಸ್ವೀಡನ್ನಿನ ಮನರಂಜನಾ ಉದ್ಯಾನವೊಂದನ್ನು ಸೇರಿದ್ದು, ಇವನ್ನೆಲ್ಲ ಮನಮುಟ್ಟುವಂತೆ ಹೇಳಿದರು. ಆದರೆ ಮೂವತ್ತು ಜನರನ್ನು ಕಟ್ಟಿಕೊಂಡು ಜನ ವಾಸಿಸುವ ಅಂಗಳಗಳಿಗೆ ನುಗ್ಗಲಾಗದು, ನುಗ್ಗಲೂಬಾರದು. ಹಾಗಾಗಿ ಎಲ್ಲವೂ ಚೌಕದಲ್ಲಿ, ಟ್ರಾಮ್‌ಗಳ ಸದ್ದಿನ ನಡುವೆ ಮುಗಿಯಿತು.

ಟ್ರಾಬಾಂಟ್ ಸವಾರಿ ಇವುಗಳಲ್ಲಿ ಅತ್ಯಂತ ದುಬಾರಿ. ಆ ಕಾರು ತಯಾರಾಗುತ್ತಿದ್ದದ್ದು ಪೂರ್ವ ಜರ್ಮನಿಯಲ್ಲಿ. ಪೋಲೆಂಡಿನ ಸಾಮಾನ್ಯ ಕುಟುಂಬಗಳು ಕಾದು ಕೊಳ್ಳುತ್ತಿದ್ದದ್ದು ಪುಟ್ಟ ಫಿಯೆಟ್ 126ಪಿ. ಟ್ರಾಬಾಂಟಿನ ಎರಡು ಸ್ಟ್ರೋಕ್ ಎಂಜಿನ್ನಿನ ಸದ್ದಿನಲ್ಲಿ ಹಿಂದಿನ ಸೀಟಿನವರಿಗೆ ಚಾಲಕರ ಮಾತು ಅರ್ಧ ಮಾತ್ರ ಕೇಳಿಸುತ್ತದೆ. ಅದರ ಒಂದು ಗುಣವನ್ನು ಮೆಚ್ಚಲೇಬೇಕು: ಚೌಕದಿಂದ ದೂರವಿರುವ ಕಾರ್ಖಾನೆಯ ಹೆಬ್ಬಾಗಿಲಿಗೆ ಅದು ಬೇಗ ತಲುಪಿಸುತ್ತದೆ. ಅಲ್ಲಿನ ಎರಡು ಆಡಳಿತ ಕಟ್ಟಡಗಳ ನೆತ್ತಿಯ ಮೇಲೆ ಪುನರುಜ್ಜೀವನ ಕಾಲದ ಅರಮನೆಗಳಲ್ಲಿರುವಂಥ ಅಲಂಕಾರದ ಕೈಪಿಡಿ ಗೋಡೆಗಳಿವೆ, ಅವು ನಿಜಕ್ಕೂ ನೋಡುವಂಥವು. ಮೊಣಕಾಲು ನೋವಿನವರಿಗೆ, ವಯಸ್ಸಾದ ತಂದೆತಾಯಿಯನ್ನು ಕರೆದುಕೊಂಡು ಹೋಗುವವರಿಗೆ ಈ ಸವಾರಿಯನ್ನೇ ಹೇಳುತ್ತೇನೆ.

ಇನ್ನು ನನಗೆ ಮೆಚ್ಚುಗೆಯಾದ ನಡಿಗೆ. ಮಾರ್ಗದರ್ಶಿಯವರ ತಂದೆ ಕಾರ್ಖಾನೆಯಲ್ಲಿ ದುಡಿದವರು. ಅವರು ಚೌಕದಿಂದ ಆರಂಭಿಸದೆ ನಮ್ಮನ್ನು ಮೊದಲು ವಾಂಡಾ ಬಡಾವಣೆಗೆ ಕರೆದೊಯ್ದರು. 1949ರಲ್ಲಿ ಕಟ್ಟಲು ತೊಡಗಿದ ಮೊದಲ ಮನೆಗಳು ಅಲ್ಲಿವೆ: ಇಳಿಜಾರು ಮಾಡಿನ, ಗಿಡ್ಡನೆಯ, ಹಳ್ಳಿಯ ನಂಟು ಬಿಡದ ಕಟ್ಟಡಗಳು. ಅಲ್ಲಿಂದ ಚೌಕಕ್ಕೆ ಬಂದಾಗ 1950ರ ದಶಕದ ಕಂಬಸಾಲುಗಳ ಭಾರಿ ಕಟ್ಟಡಗಳು ಎದುರಾದವು. ಆಮೇಲೆ ಶ್ಕ್ಲಾನೆ ದೋಮಿ ಬಡಾವಣೆಯ ‘ಸ್ವೀಡಿಷ್ ಕಟ್ಟಡ’. ಸ್ಟಾಲಿನ್ ಕಾಲದ ಶೈಲಿಯ ಹಿಡಿತ ಸಡಿಲವಾದ ಮೇಲೆ ಮಾರ್ತಾ ಮತ್ತು ಯಾನುಷ್ ಇಂಗಾರ್ಡೆನ್ ದಂಪತಿ ರೂಪಿಸಿದ, ಅಲಂಕಾರವೇ ಇಲ್ಲದ ಉದ್ದನೆಯ ಕಟ್ಟಡ ಅದು. ಒಂದು ದಶಕದೊಳಗೆ ಒಂದೇ ಊರು ಮೂರು ಸಲ ಮನಸ್ಸು ಬದಲಾಯಿಸಿದ್ದನ್ನು ಈ ಅನುಕ್ರಮದಲ್ಲಿ ನಡೆದಾಗ ಕಣ್ಣಾರೆ ಕಾಣಬಹುದು; ನಾನು ಪ್ರಯತ್ನಿಸಿದ ಬೇರೆ ಯಾವ ಪ್ರವಾಸವೂ ಈ ಅನುಕ್ರಮವನ್ನು ಇಟ್ಟುಕೊಂಡಿರಲಿಲ್ಲ.

ಅಂಗಳವೊಂದರ ಹುಲ್ಲಿನ ನಡುವೆ ಸೊಂಟದೆತ್ತರದ ಕಾಂಕ್ರೀಟ್ ಪೆಟ್ಟಿಗೆಯೊಂದಿತ್ತು. ಅದರ ಪಕ್ಕಕ್ಕೆ ತುಕ್ಕು ಹಿಡಿದ ಕಬ್ಬಿಣದ ಜಾಲರಿ, ಮೇಲೆ ಯಾರೋ ಇಟ್ಟ ಹೂಕುಂಡ. ನಾನಾದರೆ ನೀರಿನ ತೊಟ್ಟಿಯೆಂದು ತಿಳಿದು ಮುಂದೆ ಹೋಗುತ್ತಿದ್ದೆ. ಅದು ಮುಂದೆ ಯುದ್ಧ ಬಂದರೆ ಇರಲಿ ಎಂದು ನೆಲದಡಿ ಕಟ್ಟಿದ ಅಡಗುತಾಣದ ಗಾಳಿಕಿಂಡಿ. ಇಂಥ ಅಡಗುತಾಣಗಳು ಈ ಬಡಾವಣೆಗಳ ಕೆಳಗೆ 200ಕ್ಕೂ ಹೆಚ್ಚಿವೆ. ಹಳೆಯ ಸ್ವ್ಯಾತೋವಿದ್ ಚಿತ್ರಮಂದಿರದಲ್ಲಿ ಈಗಿರುವ ನೋವಾ ಹೂತಾ ವಸ್ತುಸಂಗ್ರಹಾಲಯದ ಕೆಳಗೂ ಒಂದಿದೆ. ಅದೊಂದನ್ನು ಕಂಡ ಮೇಲೆ ಪ್ರತಿ ಅಂಗಳದಲ್ಲೂ ನನ್ನ ಕಣ್ಣು ಅದನ್ನೇ ಹುಡುಕುತ್ತಿತ್ತು.

ಕೊನೆಗೆ ಅವರು ನಿಂತದ್ದು ತೆಯಾತ್ರಾಲ್ನೆ ಬಡಾವಣೆಯ ಶಿಲುಬೆಯ ಬಳಿ. ದೇವರಿಲ್ಲದ ಊರೆಂದು ಕಲ್ಪಿಸಿ ಕಟ್ಟಿದ ಈ ಜಾಗದಲ್ಲಿ, ಚರ್ಚಿಗೆಂದು ಕೊಟ್ಟ ನೆಲವನ್ನು ಶಾಲೆಗಾಗಿ ಹಿಂಪಡೆದು ಶಿಲುಬೆ ಕೀಳಲು ಬಂದಾಗ, 1960ರ ಏಪ್ರಿಲ್‌ನಲ್ಲಿ ಮೊದಲು ಅಡ್ಡ ನಿಂತವರು ಅಲ್ಲಿನ ಹೆಂಗಸರು. ಚರ್ಚು ಸಿದ್ಧವಾದದ್ದು ಬೇರೊಂದು ಕಡೆ, ಬಿಯೆಂಚಿತ್ಸೆಯಲ್ಲಿ. 1977ರಲ್ಲಿ ಅದನ್ನು ಪ್ರತಿಷ್ಠಾಪಿಸಿದವರು ಮರುವರ್ಷ ಪೋಪ್ ಆದ ಕಾರ್ಡಿನಲ್ ಕರೋಲ್ ವೊಯ್ತಿವಾ.

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಬೆಳೆದವನು ನಾನು. ಕಾರ್ಖಾನೆಯ ಊರನ್ನು ಅದರ ಚಿಮಣಿಯಿಂದಲ್ಲ, ಮನೆಗಳ ಹಿತ್ತಿಲಿನಿಂದ ಅಳೆಯುವ ಅಭ್ಯಾಸ ನನ್ನದು, ಆದ್ದರಿಂದ ನನ್ನ ತೀರ್ಪು ಆ ಕಡೆಗೇ ವಾಲಿದೆ. ಸಣ್ಣ ಗುಂಪಿನ ನಡಿಗೆಗೆ ಧ್ವನಿ ಪ್ರವಾಸದ ಹಲವು ಪಟ್ಟು ಹಣ ಬೇಕು, ಆದರೆ ಟ್ರಾಬಾಂಟಿಗಿಂತ ಕಡಿಮೆ. ಬಜೆಟ್ ಬಿಗಿಯಾಗಿದ್ದರೆ ಹೋಟೆಲಿನ ಒಂದು ಊಟ ಬಿಟ್ಟು ಇದಕ್ಕೆ ಕೊಡಿ. ಬುಕ್ ಮಾಡುವ ಮೊದಲು ಎರಡು ವಿಷಯ ಕೇಳಿಕೊಳ್ಳಿ: ಗುಂಪಿನಲ್ಲಿ ಎಷ್ಟು ಜನ, ಮತ್ತು ಅಂಗಳಗಳ ಒಳಗೆ ಹೋಗುತ್ತಾರೆಯೇ. ಚೌಕಕ್ಕೆ 4ನೇ ಸಂಖ್ಯೆಯ ಟ್ರಾಮ್ ಸಾಕು. ನಡಿಗೆ ಮುಗಿದ ಮೇಲೆ ಅದರಲ್ಲೇ ಕಾರ್ಖಾನೆಯ ಹೆಬ್ಬಾಗಿಲಿನವರೆಗೂ ಹೋಗಿಬರಬಹುದು.