ಕೌನ್ಸೆಲಿಂಗ್ ಕೋರ್ಸ್: ಎಥಿಕ್ಸ್ ಕ್ಲಾಸಿಗೆ ಫುಲ್ ಮಾರ್ಕ್ಸ್, ಉಳಿದಿದ್ದು ಸುಮಾರು

ಬೆಂಗ್ಳೂರಲ್ಲಿ ವೀಕೆಂಡ್ ಕೌನ್ಸೆಲಿಂಗ್ ಕೋರ್ಸ್ ಮಾಡ್ದೆ, ಸಂಸ್ಥೆ ಹೆಸ್ರು ಬೇಡ ಬಿಡಿ. ಥಿಯರಿ ಅಂದ್ರೆ ಬರೀ ಪಿಪಿಟಿ ಓದೋದು, ನಿದ್ದೆ ಗ್ಯಾರಂಟಿ. ಆದ್ರೆ ಎಥಿಕ್ಸ್ ಮೇಡಂ ಕ್ಲಾಸಲ್ಲೇ ಕೊಟ್ಟ ದುಡ್ಡು ವಸೂಲ್.

ರೂಲ್ಸ್ ಬಾಯಿಪಾಠ ಮಾಡ್ಸಲ್ಲ, ರೋಲ್ ಪ್ಲೇ ಮಾಡಿಸ್ತಾರೆ. ಕ್ಲೈಂಟ್ ಮಗಳ ಮದ್ವೆ ಕಾರ್ಡ್ ಹಿಡ್ಕೊಂಡು ಬಂದು "ನೀವು ಬರ್ಲೇಬೇಕು ಮೇಡಂ" ಅಂತಾರೆ, ನಮ್ಮ ಕಡೆ ಇಲ್ಲ ಅನ್ನೋದು ಕಷ್ಟ, ಹೋದ್ರೆ ಛತ್ರದಲ್ಲಿ ಯಾರಾದ್ರೂ "ಇವ್ರು ನಿಮಗೆ ಹೆಂಗೆ ಪರಿಚಯ" ಅಂದ್ರೆ ಏನಂತ ಹೇಳ್ತೀರಾ? ಮೇಡಂ ಕೇಳೋದು ಒಂದೇ, ಹೋಗೋದ್ರಿಂದ ಒಳ್ಳೇದಾಗೋದು ಯಾರಿಗೆ, ಅವ್ರಿಗಾ ನಿಮಗಾ? ಸೂಪರ್‌ವೈಸರ್ (ನಮ್ಮ ಕೆಲ್ಸಕ್ಕೆ ಮಾರ್ಗದರ್ಶನ ಮಾಡೋ ಸೀನಿಯರ್ ಕೌನ್ಸೆಲರ್) ಹತ್ರ ಮಾತಾಡಿ, ಏನ್ ಡಿಸೈಡ್ ಮಾಡಿದ್ರಿ, ಯಾಕೆ ಅಂತ ಬರೆದಿಡಿ ಅಂತಾರೆ.

ಅಮೆರಿಕದ ಕೌನ್ಸೆಲರ್‌ಗಳ ಸಂಘ ಎಸಿಎ ಮಾಡಿರೋ ಎಥಿಕ್ಸ್ ಕೋಡ್ (2014) ಹಳೇ ಕ್ಲೈಂಟ್ ಜೊತೆ ಪ್ರೇಮ ಸಂಬಂಧ ಕೌನ್ಸೆಲಿಂಗ್ ಮುಗಿದು 5 ವರ್ಷ ಬೇಡ ಅನ್ನುತ್ತೆ, ಆಮೇಲೂ ಸಲೀಸಲ್ಲ. ನಮ್ಮಲ್ಲಿ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಇದೆ, ಮಗು ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ್ರೆ ಗುಟ್ಟು ಅಂತ ಕೂರೋ ಹಾಗಿಲ್ಲ, ಪೊಲೀಸರಿಗೆ ತಿಳಿಸ್ಲೇಬೇಕು. ಇದನ್ನೂ ಚೆನ್ನಾಗಿ ಬಿಡಿಸಿ ಹೇಳಿದ್ರು.

ತಮಾಷೆ ಏನಂದ್ರೆ ಅದೇ ಕೋರ್ಸಿನ ಇನ್ನೊಬ್ರು ಸರ್ ಕ್ಲೈಂಟ್ ಕೆಲ್ಸ, ಏರಿಯಾ ಎಲ್ಲಾ ಸೇರ್ಸಿ ಕೇಸ್ ಕಥೆ ವಾಟ್ಸಾಪ್ ಗ್ರೂಪಿಗೆ ಹಾಕ್ತಾರೆ! ಕಂಪ್ಲೇಂಟ್ ಮಾಡಿದ್ರೆ ಆಫೀಸಿಂದ ಉತ್ತರಾನೇ ಇಲ್ಲ. ಸೇರೋದಾದ್ರೆ ಎಥಿಕ್ಸ್ ಯಾರು ತಗೊಳ್ತಾರೆ ಅಂತ ಮೊದ್ಲೇ ಕೇಳ್ಕೊಳಿ. ಐದಕ್ಕೆ ಮೂರು.