ಮನಸ್ಸು ಕೆಟ್ಟಾಗ ಯಾವ ಆ್ಯಪ್: ಡೈಲಿಯೋನಾ, ವೈಸಾನಾ?

ಎರಡೂ ಮನಸ್ಸನ್ನು ನೋಡಿಕೊಳ್ಳುವ ಆ್ಯಪ್‌ಗಳೇ. ಆದರೆ ಕೆಲಸ ಬೇರೆ ಬೇರೆ.

ಡೈಲಿಯೋ ಒಂದು ದಿನಚರಿ. ಬರೆಯಲೇಬೇಕು ಅಂತೇನಿಲ್ಲ. ನಗುವಿನಿಂದ ಅಳುವಿನವರೆಗೆ ಐದು ಮುಖಗಳಿವೆ. ಒಂದನ್ನು ಒತ್ತಿ, ನಿದ್ದೆ, ಆಫೀಸು, ಗೆಳೆಯರು ಅಂತ ಆವತ್ತು ನಡೆದದ್ದನ್ನು ಗುರುತು ಹಾಕಿದರೆ ಮುಗೀತು. ಇದರ ಬೆಲೆ ಗೊತ್ತಾಗುವುದು ಒಂದು ತಿಂಗಳು ಕಳೆದ ಮೇಲೆ. ಬಾಸ್ ಮೇಲೆ ಬಂದ ಸಿಟ್ಟೆಲ್ಲ ನಿದ್ದೆಗೆಟ್ಟ ಮಾರನೇ ದಿನದ್ದೇ ಅಂತ ಗ್ರಾಫಿನಲ್ಲಿ ಕಾಣಬಹುದು. ಆದರೆ ಸಿಟ್ಟು ನೆತ್ತಿಗೇರಿದ ಹೊತ್ತಿನಲ್ಲಿ ಇದು ಸಮಾಧಾನ ಮಾಡುವುದಿಲ್ಲ, ಸುಮ್ನೆ ಗುರುತಿಟ್ಟುಕೊಳ್ಳುತ್ತದೆ.

ಆ ಹೊತ್ತಿಗೆ ವೈಸಾನೇ ವಾಸಿ. ಬೆಂಗಳೂರಿನಲ್ಲಿ ಹುಟ್ಟಿದ ಚಾಟ್‌ಬಾಟ್ ಇದು. ಪೆಂಗ್ವಿನ್ ಒಂದು ನಿಮ್ಮನ್ನು ಮಾತಾಡಿಸುತ್ತದೆ. ‘ಎಲ್ರೂ ನನ್ನನ್ನ ಕಡೆಗಣಿಸ್ತಾರೆ’ ಅಂದರೆ, ‘ಎಲ್ಲರೂನಾ?’ ಎನ್ನುವ ಧಾಟಿಯಲ್ಲಿ ಕೇಳಿ, ಆ ಯೋಚನೆಯನ್ನು ಬಿಡಿಸಿ ನೋಡುವಂತೆ ಮಾಡುತ್ತದೆ. ಇದು ಸಿಬಿಟಿ, ಅಂದರೆ ಯೋಚಿಸುವ ರೀತಿಯನ್ನು ತಿದ್ದಿಕೊಂಡು ಮನಸ್ಸನ್ನು ಸರಿಪಡಿಸಿಕೊಳ್ಳುವ ಮಾತಿನ ಚಿಕಿತ್ಸೆಯ ದಾರಿ. ತೊಡಕು ಭಾಷೆಯದು, ಹೆಚ್ಚಾಗಿ ಇಂಗ್ಲಿಷೇ. ಅಳು ಬಂದಾಗ ಇಂಗ್ಲಿಷಿನಲ್ಲಿ ಟೈಪ್ ಮಾಡೋದು ಎಷ್ಟು ಜನಕ್ಕೆ ಆಗುತ್ತೆ ಹೇಳಿ! ಕೆಲವು ಸಲ ಉತ್ತರ ಬರೀ ಗಿಣಿಪಾಠ ಅನ್ನಿಸುವುದೂ ಉಂಟು.

ಯಾಕೆ ಅಂತಲೇ ತಿಳಿಯದ ಕಿರಿಕಿರಿ ಜಾಸ್ತಿಯಿದ್ದರೆ ಡೈಲಿಯೋ ಹಾಕಿಕೊಳ್ಳಿ. ರಾತ್ರಿ ಒಂದೇ ಯೋಚನೆ ಕೊರೆಯುತ್ತಿದ್ದರೆ ವೈಸಾ. ಬದುಕೇ ಬೇಡ ಅನ್ನಿಸುತ್ತಿದ್ದರೆ ಇವೆರಡನ್ನೂ ಬಿಟ್ಟು 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.